ನದಿಯ ಮುಂಗಟ್ಟು

ಕಳೆದ ವರ್ಷ ನನಗೊಂದು ಅನುವಾದದ ಕೆಲಸ ಬಂತು. ಪ್ರವಾಸದ ಪ್ಯಾಕೇಜು ಮಾರುವ ಒಂದು ಕಂಪನಿಯದು, ಹೆಸರು ಬೇಡ. 2027ರ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕಕ್ಕೆ ಬರುವ ಕನ್ನಡಿಗರಿಗಾಗಿ ಇಂಗ್ಲಿಷ್ ಬರಹವೊಂದನ್ನು ಕನ್ನಡಕ್ಕೆ ತರಬೇಕಿತ್ತು. ಪುನಶ್ಚೇತನಗೊಂಡ ಗೋದಾವರಿ ವಾಟರ್‌ಫ್ರಂಟಿನಲ್ಲಿ ನೋಡಬೇಕಾದ, ಮಾಡಬೇಕಾದ, ತಿನ್ನಬೇಕಾದ ಹತ್ತು ಸಂಗತಿಗಳ ಪಟ್ಟಿ. ಇಂಥ ಪಟ್ಟಿಗಳನ್ನು ನೀವೂ ಓದಿರುತ್ತೀರಿ. ಸಂಜೆಯ ಬೆಳಕು, ಬಿಸಿ ಜಿಲೇಬಿ, ಒಂದು ಸೆಲ್ಫಿ.

ಪಟ್ಟಿಯ ಜೊತೆ ಪದಕೋಶವೊಂದನ್ನೂ ಕಳಿಸಿದ್ದರು. ಎಲ್ಲ ಭಾಷೆಗಳಲ್ಲೂ ಪದಗಳು ಒಂದೇ ರೀತಿ ಇರಬೇಕಂತೆ. ಅದರಲ್ಲಿ ವಾಟರ್‌ಫ್ರಂಟ್ ಎದುರಿಗೆ ‘ನದೀಮುಖ’ ಎಂದಿತ್ತು. ನದಿ ಸಮುದ್ರ ಸೇರುವ ಜಾಗಕ್ಕೆ ನದೀಮುಖ ಎನ್ನುತ್ತಾರೆಂದು ಶಾಲೆಯ ಭೂಗೋಳದಲ್ಲಿ ಓದಿದ ನೆನಪು ನಿಮಗೂ ಇರಬಹುದು. ಗೋದಾವರಿ ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿ 1,465 ಕಿಲೋಮೀಟರು ಹರಿದು ಆಂಧ್ರದ ಕೋನಸೀಮೆಯ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಅದರ ಮುಖ ಇರುವುದು ಅಲ್ಲಿ. ಪದಕೋಶ ಮಾಡಿದವರು ಒಂದೇ ಏಟಿಗೆ ಕೋನಸೀಮೆಯನ್ನು ಎತ್ತಿ ನಾಸಿಕದ ಪಂಚವಟಿಯಲ್ಲಿ ಇಟ್ಟಿದ್ದರು. ಪದ ತಪ್ಪು ಎಂದು ಬರೆದೆ. ಪದಕೋಶ ಅಂತಿಮವಾಗಿದೆ ಎಂಬ ಉತ್ತರ ಬಂತು. ‘ನದೀಮುಖ’ ಎಂದೇ ಹನ್ನೊಂದು ಸಲ ಬರೆದು ಕಳಿಸಿ, ದುಡ್ಡು ತೆಗೆದುಕೊಂಡೆ.

ಈ ಪತ್ರ ಆ ದುಡ್ಡಿನ ಬಡ್ಡಿ ಎಂದುಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ, ಆ ಪಟ್ಟಿಯಲ್ಲಿದ್ದ ಯಾವುದರ ಮೇಲೂ ನನಗೆ ಸಿಟ್ಟಿಲ್ಲ. ಅಪ್ಪ ಬೆಂಗಳೂರಿನಿಂದ ವರ್ಗವಾಗಿ ಓಝರ್‌ನ ಎಚ್‌ಎಎಲ್ ಕಾರ್ಖಾನೆಗೆ ಬಂದಾಗ ನಾನು ಇನ್ನೂ ಅಕ್ಷರ ಕಲಿತಿರಲಿಲ್ಲ. ಓಝರ್ ಇರುವುದು ನಾಸಿಕ ಜಿಲ್ಲೆಯ ನಿಫಾಡ್ ತಾಲೂಕಿನಲ್ಲಿ. ಟೌನ್‌ಶಿಪ್ಪಿನಲ್ಲಿ ನಮ್ಮಂಥ ಕನ್ನಡದ ಮನೆಗಳು ಹಲವಿದ್ದವು. ಊರಿಂದ ಯಾರಾದರೂ ನೆಂಟರು ಬಂದರೆ ಅಮ್ಮ ಅವರನ್ನು ಕರೆದೊಯ್ಯುತ್ತಿದ್ದದ್ದು ‘ಗಂಗೆ’ಗೆ. ನಾಸಿಕದವರಿಗೆ ಗೋದಾವರಿ ಅಂದರೆ ಗಂಗೆಯೇ. ಗೋದಾವರಿ ಎನ್ನುವುದು ನಕ್ಷೆಯ ಹೆಸರು.

ಹಾಗಾಗಿ ರಾಮಕುಂಡ ನನಗೆ ಹೊಸದಲ್ಲ. ಅದರ ಎದುರಿಗೇ ನಂದಿಯಿಲ್ಲದ ಕಪಾಲೇಶ್ವರ, 1747ರಲ್ಲಿ ಕಟ್ಟಿದ ನಾರೋಶಂಕರ ದೇವಸ್ಥಾನ, ಅದರ ದೊಡ್ಡ ಗಂಟೆ. ಸ್ವಲ್ಪ ಮೇಲೆ ಕಾಳಾರಾಮ ಮಂದಿರ. ಪ್ರವಾಸಿ ಪಟ್ಟಿಗಳು ಅದರ ಕರಿಕಲ್ಲಿನ ಚೆಲುವಿನ ಬಗ್ಗೆ ಬರೆಯುತ್ತವೆ, 1930ರಲ್ಲಿ ಅಂಬೇಡ್ಕರ್ ಅದೇ ಬಾಗಿಲಿನ ಮುಂದೆ ಸತ್ಯಾಗ್ರಹ ನಡೆಸಿದ್ದನ್ನು ಬಿಟ್ಟುಬಿಡುತ್ತವೆ. ಪಾತ್ರದಲ್ಲೇ ನಿಂತಿರುವ ದುತೋಂಡ್ಯಾ ಮಾರುತಿಯನ್ನು ಮಾತ್ರ ಯಾವ ಮಕ್ಕಳೂ ಮರೆಯಲಾರರು. ಎರಡು ಮುಖದ ದೊಡ್ಡ ಹನುಮಂತ. ಇಡೀ ನಾಸಿಕಕ್ಕೆ ಅವನೇ ನೆರೆಯ ಅಳತೆಗೋಲು. ನೀರು ಮಾರುತಿಯ ಮೊಣಕಾಲಿಗೆ ಬಂತಂತೆ, ಸೊಂಟಕ್ಕೆ ಬಂತಂತೆ, ಎದೆಗೆ ಬಂತಂತೆ ಅನ್ನುವ ಸುದ್ದಿ ಮಳೆಗಾಲದಲ್ಲಿ ಓಝರ್‌ವರೆಗೂ ಬರುತ್ತಿತ್ತು. ಕ್ಯೂಸೆಕ್ಸ್ ಲೆಕ್ಕ ತಿಳಿಯದವರಿಗೂ ಆ ಸೊಂಟದ ಲೆಕ್ಕ ತಿಳಿಯುತ್ತದೆ.

ತಿನ್ನುವ ವಿಷಯಕ್ಕೆ ಬಂದರೆ ಪಟ್ಟಿ ಸುಳ್ಳು ಹೇಳಿರಲಿಲ್ಲ. ನಾಸಿಕದ ಮಿಸಳ್ ತಿನ್ನಲೇಬೇಕು: ಮೊಳಕೆ ಬಂದ ಮಡಕೆ ಕಾಳಿನ ಉಸಳಿನ ಮೇಲೆ ಕಪ್ಪು ಮಸಾಲೆಯ ರಸ್ಸಾ, ಮೇಲೆ ಶೇವ್, ಪಕ್ಕದಲ್ಲಿ ಹಪ್ಪಳ, ಮೊಸರು. ಕೊನೆಗೆ ಉರಿಯುವ ನಾಲಗೆಗೆ ಜಿಲೇಬಿ. ಚಿವಡಾ ಕಟ್ಟಿಸಿಕೊಂಡು ಹೋಗದೆ ಯಾರೂ ನಾಸಿಕ ಬಿಡುವುದಿಲ್ಲ. ಆದರೆ ಗಂಗೆಯ ದಡದ ನಿಜವಾದ ತಿಂಡಿ ಸಿಗುವುದು ಬುಧವಾರ. ಘಾಟಿನ ಕಲ್ಲುಹಾಸಿನ ಮೇಲೆ ಬುಧವಾರದ ಸಂತೆ ಕೂರುತ್ತದೆ. ಸುತ್ತಲಿನ ಹಳ್ಳಿಗಳಿಂದ ಮೆಂತ್ಯ ಸೊಪ್ಪು, ಬೆಳ್ಳುಳ್ಳಿ, ಒಣಮೀನು, ಮಡಕೆ, ಕುಡುಗೋಲು ಬರುತ್ತವೆ. ಒಂದು ಮೂಲೆಯಲ್ಲಿ ಮಂಡಕ್ಕಿಗೆ ಶೇವ್, ಈರುಳ್ಳಿ, ಕರಿದ ಮೆಣಸಿನಕಾಯಿ ಸೇರಿಸಿ ಕಾಗದದಲ್ಲಿ ಕಟ್ಟಿ ಕೊಡುವ ಭೇಳಭತ್ತಾ, ಇನ್ನೊಂದು ಮೂಲೆಯಲ್ಲಿ ಬೆಲ್ಲದ ಪಾಕ ಹಿಡಿಸಿದ ಗೋಡಿಶೇವ್. ನಮ್ಮ ಕಡೆಯ ಗಿರಮಿಟ್ಟಿಗೂ ಭೇಳಭತ್ತಾಕ್ಕೂ ಅಕ್ಕತಂಗಿಯರ ಸಂಬಂಧ. ಅಪ್ಪ ಅದನ್ನು ಗಿರಮಿಟ್ಟು ಎಂದೇ ಕರೆಯುತ್ತಿದ್ದರು, ಮಾರುವವನಿಗೂ ಅರ್ಥವಾಗುತ್ತಿತ್ತು.

ನಾನು ಅನುವಾದಿಸಿದ ಹತ್ತು ಸಂಗತಿಗಳಲ್ಲಿ ಬುಧವಾರದ ಸಂತೆ ಇರಲಿಲ್ಲ. ಅದು ಪುನಶ್ಚೇತನಗೊಂಡದ್ದಲ್ಲವಲ್ಲ. ಅದಕ್ಕೆ ಚೇತನ ಹೋಗಿಯೇ ಇರಲಿಲ್ಲ.

ಈಗ ಆ ಪದಕ್ಕೆ ಬರುತ್ತೇನೆ. ವಾಟರ್‌ಫ್ರಂಟ್. ಇದರಲ್ಲಿರುವ ಫ್ರಂಟ್ ಯಾರ ಫ್ರಂಟ್? ನೀರಿನದಲ್ಲ. ನೀರಿಗೆ ಮುಂದೆ ಹಿಂದೆ ಇಲ್ಲ, ಅದಕ್ಕಿರುವುದು ಮೇಲು ಮತ್ತು ಕೆಳಗು ಮಾತ್ರ. ಫ್ರಂಟ್ ಇರುವುದು ಕಟ್ಟಡಕ್ಕೆ, ನಿವೇಶನಕ್ಕೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಇದೆ, ಅಂಗಡಿಯವರ ಪದ: ಮುಂಗಟ್ಟು. ಅಂಗಡಿ ಮುಂಗಟ್ಟಿನಲ್ಲಿ ಸರಕು ಜೋಡಿಸಿ ದೀಪ ಹಾಕುವುದು ಹೇಗೋ, ಊರು ತನ್ನ ನದಿಯನ್ನು ಹಾಗೆ ಜೋಡಿಸಿ ದೀಪ ಹಾಕಿದರೆ ಅದು ವಾಟರ್‌ಫ್ರಂಟ್. ಆ ಪದಕೋಶವನ್ನು ನನಗೆ ತಿದ್ದಲು ಬಿಟ್ಟಿದ್ದರೆ ನಾನು ‘ನದಿಯ ಮುಂಗಟ್ಟು’ ಎಂದು ಬರೆಯುತ್ತಿದ್ದೆ. ಯಾಕೆ ಬಿಡಲಿಲ್ಲ ಎನ್ನುವುದು ಅರ್ಥವಾಗುತ್ತದೆ.

ನದಿಯ ಪಕ್ಕದ ಜಾಗಕ್ಕೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ದಡ, ದಂಡೆ, ತೀರ, ಹೊಳೆಬದಿ, ತಡಿ. ಈ ಕೊನೆಯದರ ಮೇಲೆ ನನಗೆ ವಿಶೇಷ ಪ್ರೀತಿ, ಕಾರಣ ನಿಫಾಡ್. ಆ ತಾಲೂಕಿನಲ್ಲಿ ಗೋದಾವರಿಯ ಪಕ್ಕ ಖಾನಗಾವ್ ಥಡಿ ಎಂಬ ಹಳ್ಳಿಯಿದೆ. ಮರಾಠಿಯ ಥಡಿ, ಕನ್ನಡದ ತಡಿ: ಅರ್ಥ ಒಂದೇ. ಸಂಸ್ಕೃತದ ‘ತಟ’ದ ಜೊತೆ ಇವುಗಳ ನಂಟಿನ ಚರ್ಚೆಯನ್ನು ಇನ್ನೊಂದು ಪತ್ರಕ್ಕೆ ಇಟ್ಟುಕೊಳ್ಳೋಣ. ಮುಖ್ಯವಾದದ್ದು, ಮರಾಠಿಯಲ್ಲಿ ಥಡಿ ಎಂದರೆ ನೀರಿನ ಅಂಚು ಮಾತ್ರವಲ್ಲ, ಆ ನೀರು ಸಾಕುವ ಸೀಮೆಯೂ ಹೌದು. ಭೀಮೆಯ ಆಸುಪಾಸಿನ ನಾಡು ಭೀಮಥಡಿ. ಮರಾಠಾ ಕುದುರೆಪಡೆಯ ಹೆಸರಾಂತ ಕುದುರೆಗಳು ಅಲ್ಲಿನವು. (ಕನ್ನಡದಲ್ಲಿ ಕುದುರೆಯ ಬೆನ್ನಿಗೆ ಹಾಕುವುದನ್ನೂ ತಡಿ ಎನ್ನುತ್ತೇವೆ. ಕಾಕತಾಳೀಯ, ಆದರೂ ಹೇಳದೆ ಇರಲಾಗಲಿಲ್ಲ.) ಗೋದಾವರಿಯ ಆಸುಪಾಸಿನ ನಾಡು ಗಂಗಾಥಡಿ. ನಿಫಾಡ್ ಅದರ ನಡುವೆ ಇದೆ. ಈ ಪದದೊಳಗೆ ಹೊಲ ಇದೆ, ಬಾವಿ ಇದೆ, ದನ ಇದೆ, ನೆರೆ ಇಳಿದ ಮೇಲೆ ಉಳಿಯುವ ಕಪ್ಪು ಮಣ್ಣಿದೆ. ವಾಟರ್‌ಫ್ರಂಟಿನೊಳಗೆ ಇರುವುದು ಬೆಂಚು, ರೇಲಿಂಗು, ಪಾರ್ಕಿಂಗು.

ಇನ್ನು ‘ಪುನಶ್ಚೇತನ’. ಈ ಪದ ನಾಸಿಕದಲ್ಲಿ ಎಷ್ಟು ದುಡಿದಿದೆ ಎಂದು ನೋಡಿ. 2003ರ ಕುಂಭಮೇಳದ ತಯಾರಿಯಲ್ಲಿ ರಾಮಕುಂಡದ ಆಸುಪಾಸಿನ ಹಳೆಯ ಕುಂಡಗಳ ತಳಕ್ಕೆ ಕಾಂಕ್ರೀಟು ಹಾಕಿದರು. ಅಂದವಾಗಬೇಕು, ಸ್ನಾನಕ್ಕೆ ಅನುಕೂಲವಾಗಬೇಕು ಎಂದು. ಆ ಕುಂಡಗಳ ತಳದಲ್ಲಿ ಒರತೆಗಳಿದ್ದವು, ಕಾಂಕ್ರೀಟಿನಿಂದ ಅವು ಮುಚ್ಚಿಹೋದವು ಎಂದು ನದಿಪ್ರೇಮಿಗಳು ವರ್ಷಗಟ್ಟಲೆ ಕೂಗಿದರು, ಬಾಂಬೆ ಹೈಕೋರ್ಟಿಗೂ ಹೋದರು. ಕೊನೆಗೆ ಸ್ಮಾರ್ಟ್ ಸಿಟಿ ಯೋಜನೆಯ ಕಾಲದಲ್ಲಿ ಕೆಲವು ಕುಂಡಗಳ ಕಾಂಕ್ರೀಟು ಒಡೆಯುವ ಕೆಲಸ ಶುರುವಾಯಿತು. ಅದೂ ಪುನಶ್ಚೇತನವೇ. ಕಾಂಕ್ರೀಟು ಹಾಕುವುದಕ್ಕೂ ಅದನ್ನು ಒಡೆಯುವುದಕ್ಕೂ ಒಂದೇ ಪದ ಸಾಕಾಗುತ್ತದೆ ಎಂದಾದರೆ ಆ ಪದಕ್ಕೆ ಅರ್ಥವಿಲ್ಲ, ಬಿಲ್ಲು ಮಾತ್ರ ಇದೆ.

ನದಿಯಾದರೋ ತನ್ನ ಅಭಿಪ್ರಾಯವನ್ನು ಆಗಾಗ ಹೇಳಿದೆ. 2008ರ ಸೆಪ್ಟೆಂಬರಿನಲ್ಲಿ ದೊಡ್ಡ ನೆರೆ ಬಂತು. ಅದಾದ ಮೇಲೆ ಊರಿನ ನಕ್ಷೆಯಲ್ಲಿ ನೀಲಿ ರೇಖೆ, ಕೆಂಪು ರೇಖೆ ಎಂದು ನೆರೆಯ ಗಡಿ ಎಳೆದರು. 2016ರ ಆಗಸ್ಟಿನಲ್ಲಿ ಮತ್ತೆ ಬಂತು. ದಡದಲ್ಲಿ ಅಷ್ಟು ಅಕ್ಕರೆಯಿಂದ ಕಟ್ಟಿದ್ದ ಗೋದಾ ಪಾರ್ಕಿಗೆ ಭಾರೀ ಹಾನಿಯಾಯಿತು. 2019ರ ಆಗಸ್ಟಿನಲ್ಲಿ ಮತ್ತೂ ಬಂತು. ಪ್ರತಿ ಸಲ ನೀರಿಳಿದ ಮೇಲೆ ಹೊಸ ಟೆಂಡರು. ಈಗ 2027ರ ಸರದಿ. ತಪೋವನದಲ್ಲಿ ಸಾಧುಗ್ರಾಮಕ್ಕಾಗಿ ಮರ ಕಡಿಯುವ ಪ್ರಸ್ತಾಪ ಬಂದಾಗ 2025ರ ಕೊನೆಯಲ್ಲಿ ಜನ ಬೀದಿಗೆ ಇಳಿಯಬೇಕಾಯಿತು. ವನ ಎಂದು ಹೆಸರಿರುವ ಜಾಗದಲ್ಲಿ ಮರ ಉಳಿಸಲು ಜಗಳ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು, ಅದು ನಮ್ಮ ಮನೆಯಿಂದಲೇ ಬಂದದ್ದು. ಅಮ್ಮನಿಗೆ ಮೊಣಕಾಲು ನೋವು. ನದಿಯ ಪಕ್ಕದ ನಡಿಗೆ ಹಾದಿಯಲ್ಲಿ ಬೆಳಿಗ್ಗೆ ನಡೆಯುವುದು ಅವರಿಗೆ ಇಷ್ಟ. “ನಿನಗೇನು, ಕುರ್ಚಿಯಲ್ಲಿ ಕೂತು ಬರೀತೀಯ. ನಮಗೆ ಕಾಲಿಡೋಕೆ ಸಮ ಜಾಗ ಬೇಕಲ್ಲ” ಎಂದರು. ಸರಿಯಾದ ಮಾತು. ಸಂಜೆ ಅಲ್ಲಿ ಕಾಲೇಜಿನ ಹುಡುಗಿಯರು ಹೆದರದೆ ಕೂರುತ್ತಾರೆ, ಇಕ್ಕಟ್ಟಿನ ಮನೆಗಳಲ್ಲಿ ಇರುವವರು ಮಕ್ಕಳನ್ನು ಕರೆತರುತ್ತಾರೆ. ನಗರಗಳಲ್ಲಿ ಟಿಕೆಟ್ಟಿಲ್ಲದೆ ಕೂರುವ ಜಾಗ ಎಷ್ಟು ಉಳಿದಿದೆ? ಬೆಂಚಿನ ವಿರುದ್ಧ ನನ್ನ ತಕರಾರಿಲ್ಲ. ಬೆಂಚು ಹಾಕಿದ್ದಕ್ಕೆ ನದಿ ಬದುಕಿತು ಎನ್ನುವುದರ ವಿರುದ್ಧ ಇದೆ. ಅಮ್ಮ ನಡೆಯುವ ಹಾದಿಗೆ ಹಾದಿ ಎಂದೇ ಹೆಸರಿಡಲಿ. ಅದರ ಖರ್ಚನ್ನು ನದಿಯ ಲೆಕ್ಕದಲ್ಲಿ ಬರೆಯಬಾರದು.

ನದಿ ಬದುಕಿದೆಯೋ ಇಲ್ಲವೋ ನೋಡಲು ಘಾಟಿಗೆ ಹೋಗಿ ಪ್ರಯೋಜನವಿಲ್ಲ. ನಗರ ಮುಗಿದ ಮೇಲೆ ಬರುವ ಹಳ್ಳಿಗಳಿಗೆ ಹೋಗಬೇಕು. ದೇಶದ ಎಲ್ಲ ರಿವರ್‌ಫ್ರಂಟುಗಳಿಗೂ ತಾತನಂತಿರುವ ಸಾಬರಮತಿಯನ್ನೇ ತೆಗೆದುಕೊಳ್ಳಿ. ಅಹಮದಾಬಾದಿನಲ್ಲಿ 2012ರಲ್ಲಿ ಜನರಿಗೆ ತೆರೆದ ಆ ಉದ್ದನೆಯ ಹಾದಿಯ ಪಕ್ಕ ತುಂಬಿ ನಿಂತಿರುವುದು ನರ್ಮದಾ ಕಾಲುವೆಯಿಂದ ಬಿಟ್ಟ ನೀರು. ಆ ಅಂದಕ್ಕಾಗಿ ದಡದ ಗುಡಿಸಲುಗಳಿಂದ ಸಾವಿರಾರು ಕುಟುಂಬಗಳು ಏಳಬೇಕಾಯಿತು. ವಾಸಣಾ ಬ್ಯಾರೇಜು ದಾಟಿದರೆ ನದಿಯಲ್ಲಿ ಹರಿಯುವುದು ನಗರದ ಮತ್ತು ಕಾರ್ಖಾನೆಗಳ ಕೊಳೆ. 2021ರಲ್ಲಿ ಗುಜರಾತ್ ಹೈಕೋರ್ಟು ತಾನಾಗಿಯೇ ಇದನ್ನು ಕೈಗೆತ್ತಿಕೊಂಡಿತು. ಬ್ಯಾರೇಜಿನ ಮೇಲೆ ಮುಂಗಟ್ಟು, ಕೆಳಗೆ ಹಿತ್ತಿಲು. ಶಿವಮೊಗ್ಗದ ಓದುಗರು ನಗಬೇಡಿ. ನಿಮ್ಮೂರಿನ ಸ್ಮಾರ್ಟ್ ಸಿಟಿಯೂ ತುಂಗೆಯ ದಡದಲ್ಲಿ ಚಂದದ ಹಾದಿ ಕಟ್ಟಿದೆ. ಅಲ್ಲಿ ಫೋಟೋ ತೆಗೆದುಕೊಂಡ ಮೇಲೆ ಕೂಡಲಿಗೆ ಹೋಗಿ, ತುಂಗೆ ಭದ್ರೆಯನ್ನು ಸೇರುವಲ್ಲಿ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟವರು ಸುಮ್ಮನೆ ಕಾಲು ನೋಯಿಸಿಕೊಳ್ಳಲಿಲ್ಲ.

ನಾಸಿಕದ ಕೂಡಲಿ ಎಂದರೆ ನಿಫಾಡ್. ಮಹಾರಾಷ್ಟ್ರದ ಉಳಿದವರು ಈ ಹೆಸರು ಕೇಳುವುದು ಚಳಿಗಾಲದಲ್ಲಿ ಮಾತ್ರ. ಇಲ್ಲಿನ ಗೋಧಿ ಸಂಶೋಧನಾ ಕೇಂದ್ರದ ಥರ್ಮಾಮೀಟರು ರಾಜ್ಯದಲ್ಲೇ ಕಡಿಮೆ ಉಷ್ಣತೆ ತೋರಿಸಿ ಸುದ್ದಿಯಾಗುತ್ತದೆ. ದ್ರಾಕ್ಷಿಯ ತಾಲೂಕು ಇದು, ಈರುಳ್ಳಿಗೆ ದೇಶವೇ ದರ ಕೇಳುವ ಲಾಸಲಗಾವ್ ಕೂಡ ಇದರಲ್ಲೇ ಇದೆ. ಇಲ್ಲಿ ಚಾಂದೋರಿ ಮತ್ತು ಸಾಯಖೇಡಾ ಎದುರುಬದುರು ದಡದ ಊರುಗಳು. ನಡುವೆ ಗೋದಾವರಿ, ಮೇಲೊಂದು ಸೇತುವೆ. ನಾಸಿಕದ ನಂದಿನಿ, ವಾಘಾಡಿಯಂಥ ಉಪನದಿಗಳು ಊರೊಳಗೆ ಚರಂಡಿಗಳಾಗಿ ಗೋದಾವರಿ ಸೇರುತ್ತವೆ. ತಪೋವನ, ಆಗರ ಟಾಕಳಿಗಳಲ್ಲಿ ಕೊಳೆನೀರು ಶುದ್ಧೀಕರಣ ಘಟಕಗಳಿವೆ. ಅವುಗಳನ್ನು ತಪ್ಪಿಸಿಕೊಂಡು ಬರುವ, ಅವು ಅರೆಬರೆ ತೊಳೆದು ಬಿಡುವ ಕೊಳೆಯೆಲ್ಲ ಇತ್ತ ಬರುತ್ತದೆ. ಆ ಕೊಳೆಯನ್ನು ಉಂಡು ನೇರಳೆ ಹೂವಿನ ಜಲಕಳೆ ಬೆಳೆಯುತ್ತದೆ. ಮರಾಠಿಯಲ್ಲಿ ಪಾನವೇಲಿ ಎನ್ನುತ್ತಾರೆ, ನೀರಬಳ್ಳಿ. ಎಷ್ಟು ಚಂದದ ಹೆಸರು. ಬೇಸಿಗೆಯಿಡೀ ಅದು ನದಿಯ ಮೇಲೆ ಹಸಿರು ಹೊದಿಕೆಯಾಗಿ ಬಿದ್ದಿರುತ್ತದೆ. ಮೊದಲ ನೆರೆಗೆ ಕಿತ್ತು ತೇಲಿಬಂದು ಸಾಯಖೇಡಾದ ಸೇತುವೆಗೆ ಅಡ್ಡ ನಿಲ್ಲುತ್ತದೆ.

ಒಂದು ಜುಲೈಯಲ್ಲಿ ನಾನು ಆ ಸೇತುವೆಯ ಮೇಲೆ ನಿಂತಿದ್ದೆ. ಪೋಕ್ಲೇನ್ ಯಂತ್ರ ಬಳ್ಳಿಯ ರಾಶಿಯನ್ನು ಕಿತ್ತು ಕಿತ್ತು ಆಚೆ ಎಸೆಯುತ್ತಿತ್ತು. ಅಷ್ಟು ಕಿತ್ತಷ್ಟೂ ಹಿಂದಿನಿಂದ ಬಂದು ಕೂಡಿಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ರೈತರೊಬ್ಬರನ್ನು, “ಕಾಕಾ, ಇಷ್ಟೆಲ್ಲ ಎಲ್ಲಿಂದ ಬರತ್ತೆ?” ಎಂದು ಕೇಳಿದೆ. “ನಾಸಿಕದವರು ಕಳಿಸ್ತಾರೆ ತಾಯಿ” ಎಂದರು. (ಮರಾಠಿಯ ತಾಯಿ ನಮ್ಮ ಅಕ್ಕ, ನಾನು ಈ ಪದಕ್ಕೆ ಇನ್ನೂ ಒಗ್ಗಿಲ್ಲ.) “ಅವರ ಪೂಜೆಯ ಹೂವು, ಅವರ ಸಾಬೂನು, ಅವರ ಸಂಡಾಸು. ನಮಗೆ ಪ್ರಸಾದ.” ಅವರು ನಗುತ್ತಿದ್ದರು. ಬಳ್ಳಿ ಸೇತುವೆಗೆ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಏರಿ ಹೊಲಕ್ಕೆ ನುಗ್ಗುತ್ತದೆ. 2019ರಲ್ಲಿ ಈ ಎರಡೂ ಊರುಗಳ ಮನೆ ಅಂಗಡಿಗಳೊಳಗೆ ನೀರು ನಿಂತಿತ್ತು. ನಗರದಲ್ಲಿ ಮಾರುತಿಯ ಎದೆಯವರೆಗೆ ಬಂದ ನೀರನ್ನು ನೋಡಲು ಜನ ಸೇರುತ್ತಾರೆ. ಇಲ್ಲಿ ನೋಡಲು ಸೇರುವಷ್ಟು ಒಣ ಜಾಗ ಇರುವುದಿಲ್ಲ.

ಇನ್ನೂ ಕೆಳಗೆ ಹೋದರೆ ಗೋದಾವರಿಗೆ ಕಾದವಾ ನದಿ ಕೂಡುತ್ತದೆ. ಅಲ್ಲಿ ನಾಂದೂರ್ ಮಧ್ಯಮೇಶ್ವರ. ಬ್ರಿಟಿಷರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಲುವೆ ನೀರಾವರಿಗಾಗಿ ಕಟ್ಟಿಸಿದ ಒಡ್ಡು. ನೂರು ವರ್ಷದಲ್ಲಿ ಅದರ ಹಿಂದೆ ಹೂಳು ತುಂಬಿತು, ನಡುಗಡ್ಡೆಗಳೆದ್ದವು, ಜೊಂಡು ಬೆಳೆಯಿತು. ನೀರಾವರಿ ಎಂಜಿನಿಯರರ ದೃಷ್ಟಿಯಲ್ಲಿ ಇದು ಸೋಲು. ಹಕ್ಕಿಗಳ ದೃಷ್ಟಿ ಬೇರೆಯಿತ್ತು. ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ಕಂಡಿವೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು, ಚಮಚದಂಥ ಕೊಕ್ಕಿನ ಕೊಕ್ಕರೆಗಳು, ರಾಜಹಂಸಗಳು, ಜೊಂಡಿನೊಳಗೆ ಅಲೆಯುವ ನೇರಳೆ ಜಂಬುಕೋಳಿಗಳು. 1986ರಲ್ಲಿ ಪಕ್ಷಿಧಾಮವಾಯಿತು. 2020ರ ಜನವರಿಯಲ್ಲಿ ಮಹಾರಾಷ್ಟ್ರದ ಮೊದಲ ರಾಮ್‌ಸಾರ್ ತಾಣವೆಂದು ಪ್ರಕಟವಾಯಿತು. ಜಿಲ್ಲೆಯ ಅತ್ಯಂತ ಜೀವಂತ ನದಿದಡವನ್ನು ಯಾವ ಆರ್ಕಿಟೆಕ್ಟೂ ವಿನ್ಯಾಸ ಮಾಡಲಿಲ್ಲ. ಹೂಳು ಮಾಡಿತು. ಸಂಜೆ ಅಲ್ಲಿ ದೀಪ ಹತ್ತಿಸುವವರಿಲ್ಲ ಎನ್ನುವುದು ಅದರ ಪುಣ್ಯ.

ಹಾಗೆಂದು ಇದನ್ನೊಂದು ಸುಖಾಂತ ಕಥೆ ಮಾಡಲಾರೆ. ಸಾಯಖೇಡಾ ದಾಟಿದ ಬಳ್ಳಿ, ಕೊಳೆ, ಪ್ಲಾಸ್ಟಿಕ್ಕು ಇಲ್ಲಿಗೇ ಬರಬೇಕು. ಜಂಬುಕೋಳಿ ಬಳ್ಳಿಯ ಮೇಲೆ ಆರಾಮಾಗಿ ಓಡಾಡುತ್ತದೆ, ಆದರೆ ತೆರೆದ ನೀರು ಬೇಕಾದ ಬಾತುಗಳಿಗೆ ಜಾಗ ಕಿರಿದಾಗುತ್ತದೆ. ಒಡ್ಡಿನಿಂದ ಹೊರಟ ನೀರು ಪೈಠಣದ ಜಾಯಕವಾಡಿ ಅಣೆಕಟ್ಟನ್ನು ಸೇರುತ್ತದೆ. ಛತ್ರಪತಿ ಸಂಭಾಜಿನಗರ ಕುಡಿಯುವುದು ಆ ನೀರನ್ನು. ಬರ ಬಂದ ವರ್ಷ ನಾಸಿಕದ ಅಣೆಕಟ್ಟುಗಳಿಂದ ಜಾಯಕವಾಡಿಗೆ ಎಷ್ಟು ನೀರು ಬಿಡಬೇಕು ಎಂದು ಎರಡೂ ಕಡೆಯವರು ಕೋರ್ಟಿನಲ್ಲಿ ಜಗಳವಾಡುತ್ತಾರೆ. ಎಷ್ಟು ಟಿಎಂಸಿ ಎಂಬುದಕ್ಕೆ ಜಗಳ ಉಂಟು. ಎಂಥ ನೀರು ಎಂಬುದಕ್ಕೆ ಅಷ್ಟು ಜೋರಿನ ಜಗಳ ನಾನು ಕೇಳಿಲ್ಲ.

ಆದ್ದರಿಂದ ನನ್ನ ವಾದ ಸರಳವಾದದ್ದು. ಯಾವ ನಗರವೇ ಆಗಲಿ ತನ್ನ ನದಿದಡ ಪುನಶ್ಚೇತನಗೊಂಡಿದೆ ಎಂದು ಸಾರುವ ಮುಂಚೆ, ತನ್ನ ಗಡಿ ದಾಟಿದ ಮೊದಲ ಹಳ್ಳಿಯ ಪಂಚಾಯತಿಯಿಂದ ಸಹಿ ಹಾಕಿಸಿಕೊಂಡು ಬರಲಿ. ಎಮ್ಮೆ ಇಳಿಸಬಹುದೇ, ಮೀನು ತಿನ್ನಬಹುದೇ, ಬಟ್ಟೆ ಒಗೆದರೆ ಕೈ ತುರಿಸುತ್ತದೆಯೇ ಎಂದು ಅವರು ಬರೆದುಕೊಡಲಿ. ಖರ್ಚಿನ ಮೊದಲ ಪಾಲು ಚರಂಡಿಗೆ ಹೋಗಲಿ, ಉಳಿದರೆ ದೀಪಕ್ಕೆ. ನಮ್ಮಂಥ ಬರೆಯುವವರು, ಅನುವಾದಿಸುವವರು ಆ ಸಹಿ ಬರುವವರೆಗೆ ‘ಪುನಶ್ಚೇತನ’ ಎಂಬ ಪದವನ್ನು ಬಾಡಿಗೆಗೆ ಕೊಡುವುದು ಬೇಡ. ಇದನ್ನು ಹೇಳುವಾಗ ನನ್ನ ಬ್ಯಾಂಕ್ ಖಾತೆಗೆ ಬಂದ ಮೊತ್ತ ನೆನಪಾಗುತ್ತದೆ, ನೆನಪಾಗಲಿ.

ಈ ಸಲ ಅದೇ ಕಂಪನಿ ಮತ್ತೆ ಬರೆಯಿತು. ಪಟ್ಟಿಯನ್ನು ಹೊಸದು ಮಾಡಬೇಕು, ಸ್ಥಳೀಯರಾದ ನೀವು ಒಂದು ಹೊಸ ಸಂಗತಿ ಸೂಚಿಸಿ ಎಂದಿದ್ದರು. ಗಂಗಾಥಡಿಯ ಒಂದು ದಿನ ಎಂದು ಬರೆದು ಕಳಿಸಿದೆ. ಬೆಳಿಗ್ಗೆ ಸಾಯಖೇಡಾದ ಸೇತುವೆ. ಮಧ್ಯಾಹ್ನ ಖಾನಗಾವ್ ಥಡಿಯ ಕಡೆ, ನಾಂದೂರ್ ಮಧ್ಯಮೇಶ್ವರದ ಹಕ್ಕಿಗೋಪುರ. ತಿನ್ನಲು ಡಿಸೆಂಬರಿನಲ್ಲಾದರೆ ಹೊಲದಂಚಿನಲ್ಲಿ ಸುಟ್ಟ ಎಳೆ ಜೋಳದ ಹುರ್ಡಾ, ಜೊತೆಗೆ ಶೇಂಗಾ ಚಟ್ನಿ. ನಮ್ಮ ಉತ್ತರ ಕರ್ನಾಟಕದ ಸೀತನಿಯೇ ಅದು. ಫೆಬ್ರವರಿಯಲ್ಲಾದರೆ ಬಳ್ಳಿಯಿಂದ ಕಿತ್ತ ದ್ರಾಕ್ಷಿ. ನಿಫಾಡ್ ಕೇಂದ್ರ ಬೆಳೆಸಿದ ಗೋಧಿ ತಳಿಗಳ ಹೆಸರು ಕೇಳಿ: ತ್ರ್ಯಂಬಕ, ತಪೋವನ, ಗೋದಾವರಿ. ಕೊನೆಯದು ಬನ್ಸಿ ರವೆಗೆ ಆಗುವ ಗಟ್ಟಿ ಗೋಧಿ, ಉಪ್ಪಿಟ್ಟಿಗೆ ಹೇಳಿ ಮಾಡಿಸಿದ್ದು. ಇಷ್ಟನ್ನೂ ಅವರು ಕೇಳಿದ ಪದಮಿತಿಯೊಳಗೇ ಬರೆದಿದ್ದೆ.

ಎರಡು ದಿನದಲ್ಲಿ ಉತ್ತರ ಬಂತು. ಬರಹ ಚೆನ್ನಾಗಿದೆ, ಆದರೆ ಈ ಜಾಗ ವಾಟರ್‌ಫ್ರಂಟಿನ ಹೊರಗೆ ಬರುತ್ತದೆ. ಅವರ ನಕ್ಷೆಯಲ್ಲಿ ನದಿಯ ನೀಲಿ ಗೆರೆ ತಪೋವನದ ಹತ್ತಿರ ಮುಗಿಯುತ್ತಿತ್ತು.

ನಾಸಿಕದಿಂದ ಸಾಯಖೇಡಾಕ್ಕೆ ಎಸ್‌ಟಿ ಬಸ್ಸಿದೆ. ಚಳಿಗಾಲದಲ್ಲಿ ಬರುವವರು ಈ ಪತ್ರಕ್ಕೇ ಉತ್ತರಿಸಿ ತಿಳಿಸಿ, ನಾನು ಜೊತೆಗೆ ಬರುತ್ತೇನೆ. ಸ್ವೆಟರು ಮರೆಯಬೇಡಿ. ಬೈನಾಕ್ಯುಲರ್ ನನ್ನ ಹತ್ತಿರ ಒಂದೇ ಇದೆ, ನಿಮ್ಮದನ್ನು ತನ್ನಿ.